ಸ್ಟೀಮಕ್ಕ ಬರೆದ ಐದನೇ ವಾಕ್ಯ

ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯಿತ್ತು. ಮೇಲಿನ ಮಹಡಿಗಳ ಹಾಸು ಹೊದಿಕೆ, ಟವೆಲ್ಲು, ಸಿಬ್ಬಂದಿಯ ಕೋಟು ಎಲ್ಲವೂ ಕಡೆಗೆ ಬಂದು ಬೀಳುವುದು ಅಲ್ಲಿಗೇ. ಅಲ್ಲಿ ಬೆಳಗಿನಿಂದ ಹಬೆ ಇಸ್ತ್ರಿ ಹಿಡಿದು ನಿಲ್ಲುವವಳನ್ನು ಎಲ್ಲರೂ ಸ್ಟೀಮಕ್ಕ ಎನ್ನುತ್ತಿದ್ದರು. ಹೆಸರು ಬಂದದ್ದು ಇಸ್ತ್ರಿಯಿಂದಲೋ ಸಿಟ್ಟಿನಿಂದಲೋ ಎಂದು ಯಾರಾದರೂ ಕೇಳಿದರೆ, "ಎರಡೂ ಬಿಸೀನೇ, ಕೈಯಿಟ್ಟು ನೋಡು" ಎನ್ನುವಳು.

ಆ ವರ್ಷ ಎರಡನೇ ಮಹಡಿಯ ಸೂಪರ್‌ವೈಸರ್ ಕೆಲಸ ಬಿಟ್ಟು ಹೋದಳು. ಆ ಜಾಗದ ಮೇಲೆ ಸ್ಟೀಮಕ್ಕನಿಗೆ ಕಣ್ಣಿತ್ತು. ಆದರೆ ಸೂಪರ್‌ವೈಸರ್ ಆದವಳು ಅತಿಥಿಗಳೊಡನೆ ಇಂಗ್ಲಿಷಿನಲ್ಲಿ ಮಾತಾಡಬೇಕು, ನಾಲ್ಕು ಸಾಲು ಬರೆಯಲೂಬೇಕು. ಮ್ಯಾನೇಜರು ಸಿಬ್ಬಂದಿಗಾಗಿ ಸಂಜೆ ಇಂಗ್ಲಿಷ್ ಕ್ಲಾಸು ಶುರು ಮಾಡಿಸಿದಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವಳು ಅವಳೇ. ಕಲಿಸಲು ಬಂದದ್ದು ಹತ್ತಿರದ ಶಾಲೆಯ ಟೀಚರು, ಇನ್ನೂ ಚಿಕ್ಕ ವಯಸ್ಸಿನವಳು, ನಗುವುದಕ್ಕೆ ನೆಪ ಬೇಕಿಲ್ಲದ ಹುಡುಗಿ.

ಮನೆಯವರಲ್ಲಿ ಒಬ್ಬರ ಬಗ್ಗೆ ಐದು ವಾಕ್ಯ ಬರೆದು ತನ್ನಿ ಎಂದಳು ಟೀಚರು. ಸ್ಟೀಮಕ್ಕ ಗಂಡನ ಬಗ್ಗೆ ಬರೆದಳು. ಬಡಗಿ, ಎತ್ತರದ ಆಳು, ಬಾಗಿಲು ಕಿಟಕಿ ಮಾಡುತ್ತಾರೆ, ಗೊರಕೆ ಹೊಡೆಯುತ್ತಾರೆ: ನಾಲ್ಕು ವಾಕ್ಯ ಸಲೀಸಾಗಿ ಬಂದವು. ಐದನೆಯದನ್ನು ಓದಿದ ಟೀಚರು ತಲೆ ಕೆರೆದುಕೊಂಡಳು.

"ಅಕ್ಕಾ, ಇಲ್ಲಿ 'ಡ್ರಿಂಕಿಂಗ್ ಮ್ಯಾನ್, ನಾಟ್ ಡ್ರಿಂಕಿಂಗ್' ಅಂತ ಬರ್ದಿದೀರ. ಅವರು ಕುಡೀತಾರಾ, ಇಲ್ವಾ?"

"ಕುಡೀತಿದ್ರು ಮೇಡಂ. ಸುಮ್ನೆ ಅಲ್ಲ, ನಾಳೆ ಸಿಗಲ್ಲ ಅನ್ನೋ ಹಾಗೆ ಕುಡೀತಿದ್ರು. ಈಗ ಬಿಟ್ಟಿದಾರೆ."

ಬಿಟ್ಟ ಕತೆ ಹೋಟೆಲಿಗೆಲ್ಲ ಗೊತ್ತಿತ್ತು. ಬಡಗಿಯ ಕೈ ಚಿನ್ನದಂಥದ್ದು, ಆದರೆ ಮಧ್ಯಾಹ್ನ ಕಳೆದರೆ ಆ ಕೈ ಅವನ ಮಾತು ಕೇಳುತ್ತಿರಲಿಲ್ಲ. ಒಮ್ಮೆ ಯಾರದೋ ಹೊಸ ಮನೆಯಲ್ಲಿ ಒಬ್ಬನೇ ಕೂತು ಬಾಗಿಲು ಕೂರಿಸಿದ. ಹಿಡಿಯನ್ನೂ ಚಿಲಕವನ್ನೂ ಹೊರಗಡೆಗೆ ಮಾತ್ರ ಹಾಕಿ, ತಾನು ಒಳಗೆ ನಿಂತು, ಕೂತಿದೆಯೋ ಇಲ್ಲವೋ ನೋಡೋಣವೆಂದು ಎಳೆದುಕೊಂಡ. ಬಾಗಿಲು ಬಲು ಚೆನ್ನಾಗಿ ಕೂತಿತ್ತು, ಹೊರಗಿನ ಚಿಲಕವೂ ತಾನಾಗಿಯೇ ಬಿದ್ದುಕೊಂಡಿತು. ಮರುದಿನ ಮನೆಯ ಒಡೆಯ ಬಂದು ತೆಗೆಯುವವರೆಗೆ ಬಡಗಿ ಒಳಗೇ ಇದ್ದ. ಅಮಲು ಇಳಿದ ಮೇಲೆ ತಾನೇ ಮಾಡಿದ ಬಾಗಿಲನ್ನು ನೋಡುತ್ತ ಕೂತದ್ದಷ್ಟೇ ಕೆಲಸ. ಮನೆಗೆ ಬಂದವನು ಹೆಂಡತಿಯ ಬೈಗುಳಕ್ಕೂ ಕಾಯದೆ, "ನನ್ನ ಕೈಲಿ ಆಗ್ತಿಲ್ಲ ಕಣೇ, ಎಲ್ಲಾದ್ರೂ ಕರ್ಕೊಂಡು ಹೋಗು" ಎಂದ. ಅಷ್ಟು ವರ್ಷ ನೆರೆಹೊರೆಯವರಿಗೆ "ಅವರಿಗೆ ಮೈ ಹುಷಾರಿಲ್ಲ" ಎಂದು ಹೇಳುತ್ತ ಬಂದಿದ್ದ ಸ್ಟೀಮಕ್ಕ ಅವತ್ತು ಮೊದಲ ಸಲ ಡಾಕ್ಟರಿಗೆ ನಿಜ ಹೇಳಿದಳು. ಡಾಕ್ಟರು ಕುಡಿತ ಬಿಟ್ಟವರು ವಾರಕ್ಕೊಮ್ಮೆ ಸೇರುವ ಸಭೆಯೊಂದರ ದಾರಿ ತೋರಿಸಿದರು. ಅವನು ಇಂದಿಗೂ ತಪ್ಪಿಸಿಲ್ಲ.

"ಹಾಗಾದ್ರೆ 'ಹಿ ಈಸ್ ಕ್ಲೀನ್' ಅಂತ ಬರೀಬಹುದು" ಎಂದಳು ಟೀಚರು. "ಚಟ ಬಿಟ್ಟವರಿಗೆ ಇಂಗ್ಲಿಷಲ್ಲಿ ಹಾಗಂತಾರೆ."

"ಕ್ಲೀನಾ? ನೀವು ಅವರ ಶರ್ಟಿನ ಕಾಲರ್ ನೋಡಿಲ್ಲ ಮೇಡಂ."

"'ಡ್ರೈ' ಅಂತಾನೂ ಅಂತಾರೆ."

"ಒಗೆದಿಲ್ಲ, ಆಗ್ಲೇ ಒಣಗಿಸಿಬಿಟ್ರಾ?"

ಕ್ಲಾಸಿಗೆ ಕ್ಲಾಸೇ ಘೊಳ್ಳೆಂದಿತು. ಟೀಚರು ಸೋಲುವವಳಲ್ಲ. 'ಡ್ರಿಂಕಿಂಗ್ ಪ್ರಾಬ್ಲಮ್' ಎಂದಳು. ಅವರಿಗೇನೂ ಪ್ರಾಬ್ಲಮ್ ಇರಲಿಲ್ಲ, ಇದ್ದದ್ದು ನನಗೆ ಎಂದಳು ಸ್ಟೀಮಕ್ಕ. 'ಇನ್ ರಿಕವರಿ' ಎಂದಾಗ, ಅದು ಪೊಲೀಸರು ಕಳ್ಳಮಾಲಿಗೆ ಹೇಳುವ ಮಾತಲ್ಲವೇ ಎಂದು ಕೇಳಿದಳು. ಕಡೆಗೆ ಟೀಚರು ಗಂಭೀರವಾಗಿ ಎರಡು ಪದ ಬೋರ್ಡಿನ ಮೇಲೆ ಬರೆದಳು. 'ಡ್ರಂಕರ್ಡ್' ಅಂದರೆ ಬೈಗುಳ, ಬೇಡ. 'ಆಲ್ಕೊಹಾಲಿಕ್' ಅಂದರೆ ಕಾಯಿಲೆಯವರು, ಅದು ಪರವಾಗಿಲ್ಲ.

"ಸರಿ, 'ವಾಸ್ ಆಲ್ಕೊಹಾಲಿಕ್' ಅಂತ ಬರೀತೀನಿ" ಎಂದು ಸ್ಟೀಮಕ್ಕ ಹಾಳೆ ಮಡಚಿಕೊಂಡಳು. ಕ್ಲಾಸು ಮುಗಿಯುವ ದಿನ ಮನೆಯವರನ್ನೆಲ್ಲ ಕರೆದು ಒಂದು ಸಣ್ಣ ಕಾರ್ಯಕ್ರಮ, ಆಗ ಪ್ರತಿಯೊಬ್ಬರೂ ತಮ್ಮ ವಾಕ್ಯಗಳನ್ನು ಮೈಕಿನಲ್ಲಿ ಓದಬೇಕು ಎಂದು ಟೀಚರು ಹೇಳಿದ್ದಳು.

ಮನೆಗೆ ಬಂದು ಗಂಡನಿಗೆ ಓದಿ ತೋರಿಸಿದಳು. ಗೊರಕೆಯ ಮಾತಿಗೆ ಅವನು ನಕ್ಕ. ಐದನೆಯದಕ್ಕೆ ತಲೆಯೆತ್ತಿ ನೋಡಿದ.

"'ವಾಸ್' ಅಂದ್ರೆ?"

"ಹಿಂದೆ ಇದ್ರು, ಈಗಿಲ್ಲ ಅಂತ."

"ಹಾಗೆ ಬರೀಬೇಡ. 'ಈಸ್' ಅಂತಾನೇ ಬರಿ."

ಸ್ಟೀಮಕ್ಕನಿಗೆ ಹಬೆ ಏರಿತು. "ಬಿಟ್ಟು ಇಷ್ಟು ದಿನ ಆಯ್ತು, ಇನ್ನೂ ಎಂಥ ಕುಡುಕ್ರು ರೀ? ನಾನು ಪಟ್ಟಿದ್ದು ಸಾಕಾಗ್ಲಿಲ್ವಾ? ಆ ಕಾಲ ಮುಗೀತು ಅಂತ ಒಂದು ಕಡೆ ಬರ್ದಿಡೋದೂ ಬೇಡ್ವಾ ನಂಗೆ?"

ಅವನು ಮರ ನಯ ಮಾಡುತ್ತಿದ್ದ ಉಜ್ಜುಕಾಗದವನ್ನು ಕೆಳಗಿಟ್ಟ. "ನಿನ್ನ ಲೆಕ್ಕಕ್ಕೆ ಮುಗೀತು, ನಿಜ. ಮುಗೀತು ಅಂತ ನಾನೂ ಅಂದ್ಕೊಂಡ್ರೆ ನಂಗೆ ಧೈರ್ಯ ಬರುತ್ತೆ. ಧೈರ್ಯ ಬಂದ ದಿನ ಒಂದೇ ಒಂದು ಗ್ಲಾಸು ಅಂತೀನಿ. ನಂಗೆ ಈ ಭಯ ಬೇಕು ಕಣೇ."

ಎರಡು ದಿನ ಅವಳು ಅವನ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಅವನು ಹೇಳುವುದೂ ಸರಿ, ತನಗೆ ಅನ್ನಿಸುವುದೂ ಸರಿ. ಒಂದು ವಾಕ್ಯದಲ್ಲಿ ಎರಡನ್ನೂ ಹಿಡಿಸುವುದು ಹೇಗೆ? ಇಸ್ತ್ರಿ ಎಳೆಯುವಾಗಲೂ ಅದೇ ಯೋಚನೆ, ಒಂದು ದಿಂಬಿನ ಚೀಲ ಸುಟ್ಟೇಹೋಯಿತು. ಮೂರನೇ ದಿನ ಟೀಚರ ಹತ್ತಿರ ಹೋಗಿ, "ಮೇಡಂ, ಮನುಷ್ಯನಿಗೆ ಹೆಸರಿಡದೆ, ಅವನು ಏನು ಮಾಡ್ತಿದ್ದ, ಏನು ಮಾಡಲ್ಲ ಅಂತ ಮಾತ್ರ ಹೇಳೋದಕ್ಕೆ ಆಗುತ್ತಾ?" ಎಂದು ಕೇಳಿದಳು. ಯಾಕಾಗಲ್ಲ ಎಂದ ಟೀಚರು 'ಯೂಸ್ಡ್ ಟು' ಹೇಳಿಕೊಟ್ಟಳು.

ಕಾರ್ಯಕ್ರಮದ ದಿನ ಸಿಬ್ಬಂದಿಯ ಊಟದ ಕೋಣೆ ತುಂಬಿತ್ತು. ಬಡಗಿ ಕಾಲರ್ ಬೆಳ್ಳಗಿದ್ದ ಶರ್ಟು ತೊಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದ. ಸ್ಟೀಮಕ್ಕ ಮೈಕಿನ ಮುಂದೆ ನಿಂತು ನಾಲ್ಕು ವಾಕ್ಯ ಓದಿ, ನೀರು ಕುಡಿದು, ಐದನೆಯದನ್ನು ಓದಿದಳು. ಅವಳ ಇಂಗ್ಲಿಷಿನಲ್ಲಿ ಅದರ ಅರ್ಥ ಇಷ್ಟು: ನನ್ನ ಗಂಡ ಕುಡಿಯುತ್ತಿದ್ದರು, ನಾನು ಕೂಗಾಡುತ್ತಿದ್ದೆ, ಈಗ ಅವರು ಕುಡಿಯುವುದಿಲ್ಲ, ನಾನು ಮಾತ್ರ ಇನ್ನೂ ಬಿಟ್ಟಿಲ್ಲ.

ಎಲ್ಲರೂ ತಿರುಗಿ ಹಿಂದಿನ ಸಾಲಿನತ್ತ ನೋಡಿದರು. ಮೊದಲು ನಕ್ಕದ್ದು ಬಡಗಿ. ಆಮೇಲೆ ಕೋಣೆಗೆ ಕೋಣೆಯೇ ಚಪ್ಪಾಳೆ ತಟ್ಟಿತು.

ಚಹಾ ಕುಡಿಯುವಾಗ ಮ್ಯಾನೇಜರು ಬಡಗಿಯ ಕೈ ಕುಲುಕಿ ತಮ್ಮ ಪರಿಚಯ ಹೇಳಿಕೊಂಡರು. ಬಡಗಿ ಅಭ್ಯಾಸಬಲದಿಂದ ಎದೆ ನೆಟ್ಟಗೆ ಮಾಡಿ, ವಾರವಾರದ ಸಭೆಯಲ್ಲಿ ಎಲ್ಲರೂ ಎದ್ದು ಪರಿಚಯ ಹೇಳಿಕೊಳ್ಳುವಂತೆಯೇ "ಐ ಆಮ್ ಆಲ್ಕೊಹಾಲಿಕ್" ಎಂದುಬಿಟ್ಟ. ಮ್ಯಾನೇಜರು ತಟ್ಟೆ ಮುಂದೆ ಹಿಡಿದು, "ವೆರಿ ಗುಡ್, ವೆರಿ ಗುಡ್, ಬಿಸ್ಕತ್ತು ತಗೊಳ್ಳಿ" ಎಂದರು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಗಂಡ ಹೆಂಡತಿ ಇಬ್ಬರೂ ಅದನ್ನೇ ಹೇಳಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಸೂಪರ್‌ವೈಸರ್ ಕೆಲಸ ಸ್ಟೀಮಕ್ಕನಿಗೇ ಆಯಿತು. ನೆಲಮಾಳಿಗೆಯಲ್ಲಿ ಅವಳ ಕೊನೆಯ ವಾರ ರಿಸೆಪ್ಷನ್ನಿನ ಹುಡುಗಿ ಕೋಟು ಹಿಡಿದುಕೊಂಡು ಇಳಿದು ಬಂದಳು. ಅಷ್ಟು ಚಂದದ ಇಂಗ್ಲಿಷ್ ಮಾತಾಡುವವಳು, ಯಾವತ್ತೂ ಆ ಕೋಣೆಗೆ ಕಾಲಿಟ್ಟವಳಲ್ಲ. ಕೋಟಿಗೆ ಆಗಲೇ ಇಸ್ತ್ರಿಯಾಗಿತ್ತು.

"ಅಕ್ಕಾ, ನಿಮ್ಮ ಯಜಮಾನ್ರು ಹೋಗೋ ಸಭೆ ಎಲ್ಲಿ ನಡೆಯುತ್ತೆ?" ಎಂದಳು, ಗುಂಡಿ ತಿರುವುತ್ತ. "ನಮ್ಮಪ್ಪನಿಗೆ. ನಾವು ಎಲ್ರಿಗೂ ಶುಗರ್ ಅಂತ ಹೇಳ್ತೀವಿ."

ಸ್ಟೀಮಕ್ಕ ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ ಸ್ಟೂಲು ಎಳೆದು ಕೊಟ್ಟಳು. "ಕೂತ್ಕೋ ಮಗಳೇ. ವಿಳಾಸ ಆಮೇಲೆ ಹೇಳ್ತೀನಿ. ಮೊದ್ಲು ಅಪ್ಪ ಹೇಗಿದ್ದಾರೆ ಹೇಳು."