ಹಮಾಮತ್ಸುವಿನ ಮೂರನೇ ಕ್ರಾಸ್

ಸತ್ತವರು ಮತ್ತೆ ಕಾಣಿಸಿಕೊಂಡರು ಎಂದು ಯಾರಾದರೂ ಕಥೆ ಶುರು ಮಾಡಿದರೆ ನಾನು ಮೊದಲೆಲ್ಲ ಎದ್ದು ಹೋಗುತ್ತಿದ್ದೆ. ವಾದ ಮಾಡುವ ಸ್ವಭಾವ ನನ್ನದಲ್ಲ. ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದುಬಿಡುತ್ತಿದ್ದೆ. ಐಟಿಐ ಓದಿ ಲೇತ್ ಯಂತ್ರದ ಮೇಲೆ ವಯಸ್ಸು ಕಳೆದವನು ನಾನು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಅಳೆದು ಪಕ್ಕಕ್ಕೆ ಇಡುವ ಕೆಲಸ. ಅಳತೆಗೆ ಸಿಗದ್ದನ್ನು ಮಾತಾಡುವುದು ಹೊತ್ತು ಹೋಗದವರ ಚಟ ಎಂದೇ ತಿಳಿದಿದ್ದೆ. ಈಗ ನಂಬುತ್ತೇನೆ ಅಂತಲೂ ಹೇಳುತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿ ನಿಮಗೇನಾದರೂ ಹೊಳೆದರೆ ನೀವು ನನಗಿಂತ ಅದೃಷ್ಟವಂತರು.

ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೆಂಡತಿ ಮಂಜುಳ ಬ್ಲೌಸ್ ಹೊಲಿಯುತ್ತಿದ್ದಳು. ನಮಗೆ ಮಕ್ಕಳಿಲ್ಲ. ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುವ ಹೆಂಗಸರಿಗೆ ಅವಳು ಫೋನಿನಲ್ಲೇ ದಾರಿ ಹೇಳಬೇಕಾಗುತ್ತಿತ್ತು. ಒಂದು ಕೈಯಲ್ಲಿ ಬಟ್ಟೆ ತಳ್ಳುತ್ತ, ಕಾಲಿನಲ್ಲಿ ಮೆಷಿನ್ ತುಳಿಯುತ್ತ, "ಬಸ್ ಇಳಿದು ಸೀದಾ ಬನ್ನಿ ಮೇಡಂ, ಬಲಕ್ಕೆ ಹಿಟ್ಟಿನ ಮಿಲ್ ಸಿಗುತ್ತೆ, ಮಿಲ್ ದಾಟಿದ್ರೆ ದಾರಿ ತಪ್ಪಿದೀರಿ ಅಂತ ಅರ್ಥ" ಎನ್ನುತ್ತಿದ್ದಳು. ಅವಳು ಹೇಳಿದ ದಾರಿಯಲ್ಲಿ ಬಂದವರು ಯಾರೂ ತಪ್ಪಿಸಿಕೊಂಡಿದ್ದಿಲ್ಲ. ನಾನೋ, ಇದೇ ಪೇಟೆಯಲ್ಲಿ ಬೆಳೆದವನಾದರೂ ಕೃಷ್ಣರಾಜ ಮಾರುಕಟ್ಟೆಯೊಳಗೆ ಹೋದರೆ ಹೊಕ್ಕ ಬಾಗಿಲಲ್ಲಿ ಹೊರಗೆ ಬಂದವನಲ್ಲ.

ಅಂಥವನನ್ನು ನಮ್ಮ ಕಾರ್ಖಾನೆಯವರು ಜಪಾನಿನ ಹಮಾಮತ್ಸು ಎಂಬ ಊರಿಗೆ ಎರಡು ವರ್ಷದ ಕೆಲಸಕ್ಕೆ ಕಳಿಸಿದರು. ಮೊದಲು ನಾನು ಹೋಗಿ ನೆಲೆಯಾಗುವುದು, ಆಮೇಲೆ ಮಂಜುಳ ಬರುವುದು ಎಂದು ಮಾತಾಯಿತು.

ಆ ಊರಿನಲ್ಲಿ ಬೀದಿಗಳಿಗೆ ಹೆಸರಿಲ್ಲ. ವಿಳಾಸವೆಂದರೆ ಬಡಾವಣೆಯ ಹೆಸರು, ಅದರ ಮುಂದೆ ಕೆಲವು ಅಂಕಿಗಳು, ಅಷ್ಟೇ. ಒಂದು ಮನೆಯ ಸಂಖ್ಯೆಯ ಪಕ್ಕದಲ್ಲಿ ಅದರ ಮುಂದಿನ ಸಂಖ್ಯೆ ಇದ್ದೇ ಇರುತ್ತದೆ ಅಂತಲೂ ಇಲ್ಲ. ಮನೆಗಳೆಲ್ಲ ಬೂದಿ ಬಣ್ಣ ಅಥವಾ ಹಾಲು ಕಲಸಿದ ಕಾಫಿಯ ಬಣ್ಣ. ಸಂಜೆ ಕೆಲಸ ಮುಗಿಸಿ ಬಸ್ ಇಳಿದರೆ ಬೀದಿಯಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ. ಯಾವುದೋ ಮನೆಯ ಅಡಿಗೆಮನೆಯಿಂದ ಮೀನು ಸುಡುವ ವಾಸನೆ, ತಲೆಯ ಮೇಲೆ ಗಾಳಿಗೆ ಗುಂಯ್‌ಗುಡುವ ತಂತಿಗಳು. ನಾನು ನಡೆಯುತ್ತಿದ್ದೇನೋ, ಬೀದಿಯೇ ನನ್ನ ಕಾಲ ಕೆಳಗೆ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದೆಯೋ ಎನ್ನುವ ಹಾಗೆ ಆಗುತ್ತಿತ್ತು. ಮೊದಲನೇ ವಾರವೇ ದಾರಿ ತಪ್ಪಿ, ಬೇರೆ ಏನೂ ತೋಚದೆ ಮಂಜುಳನಿಗೆ ಫೋನ್ ಮಾಡಿದೆ. ಅಲ್ಲಿ ಕತ್ತಲಾಗುತ್ತಿದ್ದರೆ ಚಾಮರಾಜಪೇಟೆಯಲ್ಲಿ ಇನ್ನೂ ಮಧ್ಯಾಹ್ನದ ಊಟದ ಹೊತ್ತು.

"ಎಲ್ಲಿದೀರಾ ಈಗ?"

"ಗೊತ್ತಿದ್ರೆ ನಿಂಗ್ಯಾಕೆ ಫೋನ್ ಮಾಡ್ತಿದ್ದೆ?"

"ಅಯ್ಯೋ ರಾಮ. ಸುತ್ತ ಏನ್ ಕಾಣುತ್ತೆ ಅದನ್ನಾದ್ರೂ ಹೇಳ್ರೀ."

ನಾನು ಕಂಡದ್ದನ್ನು ಹೇಳಿದೆ. ಅವಳು ಕೇಳುತ್ತ ಕೇಳುತ್ತ ಆ ಊರನ್ನು ಚಾಮರಾಜಪೇಟೆಯ ಅಚ್ಚಿಗೆ ಹಾಕಿಬಿಟ್ಟಳು. ಬಸ್ ಸ್ಟಾಪಿನಿಂದ ಕಾಲುವೆಯ ಪಕ್ಕ ಸೀದಾ ಬರುವ ರಸ್ತೆ ಮೇನ್ ರೋಡ್ ಆಯಿತು. ಅದನ್ನು ಕತ್ತರಿಸುವ ಬೀದಿಗಳು ಒಂದನೇ ಕ್ರಾಸ್, ಎರಡನೇ ಕ್ರಾಸ್. ಎರಡನೇ ಕ್ರಾಸಿನಲ್ಲಿ ಕೊರಳಿಗೆ ಕೆಂಪು ಬಟ್ಟೆ ಕಟ್ಟಿದ ಕಲ್ಲಿನ ನರಿಗಳಿರುವ ಪುಟ್ಟ ಗುಡಿ; ಅದು ನರಿ ಗುಡಿ. ಅದಾದ ಮೇಲೆ ಒಂದು ಓಣಿಯನ್ನು ನಾನು ಮೂರನೇ ಕ್ರಾಸ್ ಎಂದು ತಿಳಿದು ನುಗ್ಗಿ, ಗೋಡೆಗೆ ಮುಖ ಕೊಟ್ಟು ನಿಂತೆ. ಅವಳು ಬಿದ್ದು ಬಿದ್ದು ನಕ್ಕು, "ಅದು ಎರಡನೇ ಎ ಕ್ರಾಸ್ ಕಣ್ರೀ. ನಮ್ಮೂರಲ್ಲೂ ಲೆಕ್ಕ ತಪ್ಪಿದ ಬೀದಿಗೆಲ್ಲ ಎ ಸೇರಿಸಲ್ವಾ?" ಎಂದಳು. ನಿಜವಾದ ಮೂರನೇ ಕ್ರಾಸಿನ ಮೂಲೆಯಲ್ಲಿ ಒಂದು ಹಳೆಯ ಹೆಂಚಿನ ಮನೆ. ಅದರ ಅಂಗಳದಲ್ಲಿ ಎಲೆಯೆಲ್ಲ ಉದುರಿ ಕಿತ್ತಲೆ ಬಣ್ಣದ ಹಣ್ಣು ಮಾತ್ರ ಉಳಿದ ಮರ. ಅಲ್ಲಿಯವರು ಆ ಹಣ್ಣಿಗೆ ಕಾಕಿ ಎನ್ನುತ್ತಾರೆ. ನೋಡಲು ಟೊಮ್ಯಾಟೊ ಥರ ಇದೆ ಎಂದು ನಾನು ಹೇಳಿದ್ದರಿಂದ ಅದು ನಮಗೆ ಟೊಮ್ಯಾಟೊ ಮರದ ಮನೆ. ಅಲ್ಲಿ ಎಡಕ್ಕೆ ತಿರುಗಿದರೆ ನನ್ನ ಕೋಣೆಯಿದ್ದ ಕಟ್ಟಡ.

ಮರುದಿನದಿಂದ ಅದೇ ನಮ್ಮ ಪದ್ಧತಿಯಾಯಿತು. ನಾನು ನಡೆಯುವುದು, ಅವಳು ಹೊಲಿಯುತ್ತ ದಾರಿ ನಡೆಸುವುದು. ಮೆಷಿನ್ನಿನ ಸದ್ದು ಫೋನಿನಲ್ಲಿ ಕೇಳುತ್ತಿದ್ದರೆ ಆ ಮೌನದ ಬೀದಿ ಸಹ್ಯವಾಗುತ್ತಿತ್ತು. ಹೀಗೇ ನಿಧಾನಕ್ಕೆ ಹೊಂದಿಕೊಂಡೆ. ಸುಡುವ ಕಸ ಯಾವ ದಿನ, ಪ್ಲಾಸ್ಟಿಕ್ ಯಾವ ದಿನ ಎಂದು ಕಲಿತೆ. ಬಸ್ಸಿನಲ್ಲಿ ಫೋನಿನಲ್ಲಿ ಮಾತಾಡಬಾರದು ಎಂದು ತಿಳಿಯಿತು. ಅಂಟುವ ಅನ್ನಕ್ಕೆ ಅವಳು ಕಳಿಸಿದ ಮೆಂತ್ಯದ ಹಿಟ್ಟು ಕಲಸಿ ತಿಂದೆ. ಟೊಮ್ಯಾಟೊ ಮರದ ಎದುರಿಗಿದ್ದ ಲಾಂಡ್ರಿಯ ಅಜ್ಜಿ ನನ್ನ ತೊದಲು ಜಪಾನಿ ಮಾತಿಗೆ ನಗದೆ ಉತ್ತರ ಕೊಡುವ ಒಬ್ಬಳೇ ಒಬ್ಬಳು. ವಸಂತದಲ್ಲಿ ನನ್ನ ಹೆಂಡತಿ ಬರುತ್ತಾಳೆ ಎಂದು ಅವಳಿಗೂ ಹೇಳಿದ್ದೆ.

ಮಂಜುಳನಿಗೆ ಪಾಸ್‌ಪೋರ್ಟ್ ಬಂತು. "ಸ್ಟೇಷನ್ನಿಗೆಲ್ಲ ಬರ್ಬೇಡಿ ನೀವು, ಮನೇಲೇ ಇರಿ," ಎಂದಳು. "ನಾನೇ ಬರ್ತೀನಿ. ನೀವು ಕರ್ಕೊಂಡ್ ಹೋಗಕ್ಕೆ ಬಂದ್ರೆ ಇಬ್ರೂ ಕಳೆದುಹೋಗ್ತೀವಿ."

ಚಳಿಗಾಲದಲ್ಲಿ, ನಾನು ಯಂತ್ರದ ಮುಂದೆ ನಿಂತಿದ್ದಾಗ, ಅವಳ ತಮ್ಮನ ಫೋನ್ ಬಂತು. "ಭಾವ, ಹೊರಟ್ಬಿಡಿ," ಎಂದ. ಮೆಷಿನ್ನಿನ ಮುಂದೆ ಕೂತವಳು ಕೂತ ಹಾಗೇ ಎದೆ ಹಿಡಿದುಕೊಂಡಳಂತೆ. ನಾನು ಬರುವ ತನಕ ದೇಹವನ್ನು ಇಟ್ಟಿದ್ದರು. ಕಾರ್ಯಗಳೆಲ್ಲ ಮುಗಿದ ಮೇಲೆ ಆ ಮನೆಯಲ್ಲಿ ಕೂರಲಾರದೆ, ಉಳಿದ ಕೆಲಸ ಮುಗಿಸುವ ನೆಪದಲ್ಲಿ ವಾಪಸು ಹೊರಟೆ.

ಹಮಾಮತ್ಸು ತಲುಪಿದ್ದು ಒಂದು ಮಧ್ಯಾಹ್ನ. ಆ ಊರಿನ ಚಳಿಗಾಳಿ ಪ್ರಸಿದ್ಧ. ಅವತ್ತು ಅದೂ ನಿಂತುಹೋಗಿತ್ತು. ಬಿಸಿಲು ತೆಳ್ಳಗೆ, ತೊಳೆದ ಪಂಚೆ ಹರವಿದ ಹಾಗೆ ಬಿದ್ದಿತ್ತು. ಕಾಲುವೆಯ ಪಕ್ಕ ಬಂದೆ, ನರಿ ಗುಡಿ ದಾಟಿದೆ, ನಡೆದೆ. ನಡೆಯುತ್ತಲೇ ಇದ್ದೆ. ಟೊಮ್ಯಾಟೊ ಮರದ ಮನೆ ಬರಲೇ ಇಲ್ಲ. ಎಷ್ಟೋ ದೂರ ಹೋದ ಮೇಲೆ ಗೊತ್ತಿಲ್ಲದ ಒಂದು ಸೇತುವೆಯ ಹತ್ತಿರ ನಿಂತು, ಜೇಬಿನಿಂದ ಫೋನ್ ತೆಗೆದು, ಅವಳ ಹೆಸರಿನ ಮೇಲೆ ಬೆರಳಿಟ್ಟೆ. ಆಮೇಲೆ ನೆನಪಾಯಿತು. ಅಲ್ಲೇ ಕಟ್ಟೆಯ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ.

ಹಿಂತಿರುಗಿ ಬಂದಾಗ ಲಾಂಡ್ರಿಯ ಬೋರ್ಡು ಕಂಡಿತು. ಅದರ ಎದುರು ಹೆಂಚಿನ ಮನೆಯೂ ಇರಲಿಲ್ಲ, ಮರವೂ ಇರಲಿಲ್ಲ. ಸಪಾಟು ಮಾಡಿ ಜಲ್ಲಿ ಹರಡಿದ್ದರು. ಹಲ್ಲು ಕಿತ್ತ ಜಾಗದ ಹಾಗೆ ಆ ಮೂಲೆಯಲ್ಲಿ ಬರೀ ಆಕಾಶ ಕಾಣುತ್ತಿತ್ತು.

ಹೋಗುವ ಮುಂಚೆ ಕೊಟ್ಟಿದ್ದ ಅಂಗಿಗಳು ನೆನಪಾಗಿ ಒಳಗೆ ಹೋದೆ. ಅಜ್ಜಿ ನನ್ನನ್ನು ನೋಡಿದ್ದೇ ಮುಖ ಅರಳಿಸಿದಳು. ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: "ಕೊನೆಗೂ ಬಂದ್ರಲ್ಲ ನಿಮ್ಮ ಮನೆಯವರು! ವಸಂತಕ್ಕೆ ಅಂದಿದ್ರಿ, ಚಳಿಗಾಲಕ್ಕೇ ಬಂದುಬಿಟ್ರು."

ನನಗೆ ತಿಳಿಯಲಿಲ್ಲ ಎಂದುಕೊಂಡು ಅವಳು ನಿಧಾನವಾಗಿ, ಚಿಕ್ಕ ಚಿಕ್ಕ ಮಾತುಗಳಲ್ಲಿ ಮತ್ತೆ ಹೇಳಿದಳು. ನಾನು ಊರಿಗೆ ಹೋಗಿದ್ದ ದಿನಗಳಲ್ಲೇ ಯಂತ್ರ ತಂದು ಎದುರಿನ ಮನೆಯನ್ನು ಕೆಡವಿದರಂತೆ. ಧೂಳಿಗೆ ಹೆದರಿ ಅವಳು ಅಂಗಡಿಯ ಬಾಗಿಲು ಹಾಕಿಕೊಂಡಿದ್ದಳಂತೆ. ಕೆಲಸದವರು ಹೋದ ಮೇಲೆ, ಸಂಜೆ ಇಳಿಯುವ ಹೊತ್ತಿಗೆ ಬಾಗಿಲು ತೆರೆದರೆ ಬಸ್ ಸ್ಟಾಪಿನ ಕಡೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳಂತೆ. ಕೋಟು ಇಲ್ಲ. ಆ ಚಳಿಯಲ್ಲಿ ತೆಳ್ಳನೆಯ ಉದ್ದ ಬಟ್ಟೆ, ಕಾಲಿಗೆ ಚಪ್ಪಲಿ. ಹೊಸಬರೆಲ್ಲ ಮೊದಲು ನಮ್ಮ ಎರಡನೇ ಎ ಕ್ರಾಸಿಗೆ, ಆ ಮುಚ್ಚಿದ ಓಣಿಗೆ, ನುಗ್ಗಿ ವಾಪಸು ಬರುತ್ತಾರಂತೆ. ಆಕೆ ಅದರ ಕಡೆ ತಿರುಗಿಯೂ ನೋಡದೆ ಸೀದಾ ಬಂದಳಂತೆ. ಈ ಮೂಲೆಗೆ ಬಂದವಳು ಗಕ್ಕನೆ ನಿಂತಳಂತೆ.

"ಆಮೇಲೆ ಹೀಗೆ ಮಾಡಿದ್ರು," ಎಂದು ಅಜ್ಜಿ ತನ್ನ ಬಲಗೈ ಎತ್ತಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಒಂದೊಂದಾಗಿ ಇಡುತ್ತ ಬಂದಳು. ಆ ಆಟ ಅವಳ ಕೈಗೆ ಬಾರದೆ ಬೆರಳು ತೊಡರಿತು. "ಏನದು? ಪ್ರಾರ್ಥನೆನಾ?"

ಪ್ರಾರ್ಥನೆಯಲ್ಲ ಅದು, ಎಣಿಕೆ. ಆ ಜನ ಎಣಿಸುವಾಗ ಬೆರಳುಗಳನ್ನು ಅಂಗೈಗೆ ಮಡಚುತ್ತಾರೆ. ಗೆಣ್ಣು ಹಿಡಿದು ಎಣಿಸುವವರು ನಾವು. ಅಜ್ಜಿ ಏನು ಬೇಕು ಎಂದು ಕೇಳಿದಾಗ ಆಕೆ ಖಾಲಿ ಜಾಗವನ್ನು ತೋರಿಸಿ, ಎರಡು ಕೈ ಮೇಲೆತ್ತಿ, ಮರದ ಹಾಗೆ ಅಗಲಿಸಿದಳಂತೆ. ಆ ಮರ ಹುಡುಕುವ ಪರದೇಶದವಳು ನನ್ನ ಹೆಂಡತಿಯೇ ಇರಬೇಕೆಂದು ಅಜ್ಜಿಗೆ ಅನಿಸಿ, ನನ್ನ ಮನೆ ತೋರಿಸೋಣವೆಂದು ಚಪ್ಪಲಿ ಬದಲಾಯಿಸಲು ಒಳಗೆ ತಿರುಗಿದಳಂತೆ. ಹೊರಗೆ ಬರುವಷ್ಟರಲ್ಲಿ ಬೀದಿ ಖಾಲಿ.

"ಎಡಕ್ಕೆ ತಿರುಗಿದಳಾ?" ಎಂದು ಕೇಳಿದೆ.

ನೋಡಲಿಲ್ಲ ಎಂದಳು ಅಜ್ಜಿ. ಮನೆಗೆ ಬಂದು ಮುಟ್ಟಿರಲೇಬೇಕಲ್ಲ, ಇನ್ನೇನು ನಾಲ್ಕು ಹೆಜ್ಜೆ ತಾನೇ ಎಂದಳು.

ಅಂಗಿಗಳನ್ನು ಅಲ್ಲೇ ಬಿಟ್ಟು ಕೋಣೆಗೆ ಓಡಿದೆ. ಬಾಗಿಲ ಮುಂದೆ ಏನೂ ಇರಲಿಲ್ಲ. ಬೀಗ ಹಾಕಿದ ಹಾಗೇ ಇತ್ತು. ಒಳಗೆ ಮುಚ್ಚಿಟ್ಟ ಮನೆಯ ವಾಸನೆ, ಮಡಿಸಿಟ್ಟ ಹಾಸಿಗೆ. ಏನನ್ನು ಹುಡುಕಬೇಕೆಂದು ತಿಳಿಯದೆ ಪ್ರತಿಯೊಂದನ್ನೂ ಎತ್ತಿ ನೋಡಿ ಮತ್ತೆ ಇಟ್ಟೆ.

ಕೆಲವು ದಿನದ ಮೇಲೆ ಅಜ್ಜಿಗೆ ನಿಜ ಹೇಳಿದೆ. ಅವಳು ಟೀ ತಂದಿಟ್ಟಳು. ಕೈ ಜೋಡಿಸಿ ತಲೆ ಬಗ್ಗಿಸಿದಳು. ಆದರೆ ಹೇಳಿದ್ದರಲ್ಲಿ ಒಂದು ಅಕ್ಷರವನ್ನೂ ಬದಲಾಯಿಸಲಿಲ್ಲ. ಯಾವ ತಾರೀಖು ಎಂದು ಕೇಳಿದರೆ ಮಾತ್ರ ಅವಳಿಗೆ ನೆನಪಿರಲಿಲ್ಲ.

ನಾನೂ ಯೋಚಿಸದೆ ಇಲ್ಲ. ಆ ಊರಿನಲ್ಲಿ ನೇಪಾಳದವರಿದ್ದಾರೆ, ಶ್ರೀಲಂಕಾದವರಿದ್ದಾರೆ. ಗೆಣ್ಣು ಎಣಿಸುವ ಕೈ ನಮ್ಮೊಬ್ಬರದೇ ಅಲ್ಲ. ಸುತ್ತಮುತ್ತ ವಿಚಾರಿಸಿದೆ. ಅಂಥ ಹೆಂಗಸನ್ನು ಬೇರೆ ಯಾರೂ ನೋಡಿರಲಿಲ್ಲ. ನಾನೇ ಯಾವಾಗಲೋ ಲಾಂಡ್ರಿಯ ಮುಂದೆ ಹಾಗೆ ಎಣಿಸುತ್ತ ನಿಂತಿದ್ದಿರಬಹುದು, ಅಜ್ಜಿಯ ವಯಸ್ಸಿಗೆ ಒಂದು ನೆನಪು ಇನ್ನೊಂದರೊಳಗೆ ಸೇರಿಕೊಂಡಿರಬಹುದು. ಹೀಗೆಂದುಕೊಂಡು ಮಲಗಿದರೆ ನಿದ್ದೆ ಬರುತ್ತಿತ್ತು. ಬೆಳಿಗ್ಗೆ ಎದ್ದು ಆ ಜಲ್ಲಿ ಹಾಸಿದ ಮೂಲೆ ದಾಟುವಾಗ ಈ ಸಮಾಧಾನ ನಿಲ್ಲುತ್ತಿರಲಿಲ್ಲ.

ದೆವ್ವ ಉಂಟೋ ಇಲ್ಲವೋ ಎಂಬುದು ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ. ಅಷ್ಟು ದೂರ, ಯಾರನ್ನೂ ಕೇಳದೆ, ಒಂದು ಬೀದಿಯನ್ನೂ ತಪ್ಪದೆ ಬಂದವಳಿಗೆ ಕೊನೆಯ ಮೂಲೆಯಲ್ಲಿ ಗುರುತು ಸಿಗದೆ ಹೋಯಿತಲ್ಲ ಎಂಬುದೊಂದೇ ಕೊರೆಯುತ್ತಿತ್ತು. ಕೆಲಸದಿಂದ ಬಂದರೆ ಬಾಗಿಲನ್ನು ಒಂದಿಷ್ಟು ತೆರೆದೇ ಇಡುತ್ತಿದ್ದೆ. ಚಳಿ ಒಳಗೆ ಬರುತ್ತಿತ್ತು. ಬರಲಿ ಎಂದು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ.

ಒಪ್ಪಂದ ಮುಗಿದು ಊರು ಬಿಡುವ ದಿನ ನನಗೆ ಹೊಸ ಚಿಂತೆ ಹತ್ತಿಕೊಂಡಿತು. ಇನ್ನು ಮುಂದೆ ಆ ಕೋಣೆಯಲ್ಲಿ ಬೇರೆ ಯಾರೋ ಇರುತ್ತಾರೆ. ಅವಳು ಇನ್ನೂ ಅಲ್ಲೇ ಎಲ್ಲಾದರೂ ಹುಡುಕುತ್ತಿದ್ದರೆ? ಓದುವ ನಿಮಗೆ ಇದು ಹುಚ್ಚು ಎನಿಸಬಹುದು. ಪೆಟ್ಟಿಗೆಯನ್ನು ಲಾಂಡ್ರಿಯ ಬಾಗಿಲಲ್ಲಿಟ್ಟು, ಆ ಖಾಲಿ ಜಾಗದ ಮುಂದೆ ನಿಂತು ಗಟ್ಟಿಯಾಗಿಯೇ ಹೇಳಿದೆ.

"ನಾನು ಇಲ್ಲಿಂದ ಹೊರಟೆ ಕಣೇ. ನೀನೂ ವಾಪಸ್ ಬಾ. ಬಂದ ದಾರೀಲೇ ತಿರುಗು, ನರಿ ಗುಡಿ ದಾಟು, ಕಾಲುವೆ ಪಕ್ಕ ಸೀದಾ ಹೋದ್ರೆ ಬಸ್ ಸ್ಟಾಪು. ಬಸ್ಸು ಸ್ಟೇಷನ್ನಿಗೆ ಬಿಡುತ್ತೆ, ಅಲ್ಲಿಂದ ಟ್ರೈನು, ಆಮೇಲೆ ಏರ್‌ಪೋರ್ಟು. ಬೆಂಗಳೂರಲ್ಲಿ ಇಳಿದು ಮೆಜೆಸ್ಟಿಕ್ ಬಸ್ ಹತ್ತು. ಮೆಜೆಸ್ಟಿಕ್ಕಿಂದ ಆಚೆಗೆ ನಿಂಗೇ ಗೊತ್ತು."

ಅಜ್ಜಿ ನನ್ನ ಪಕ್ಕ ಬಂದು ನಿಂತಿದ್ದಳು. ಅವಳಿಗೆ ಒಂದು ಮಾತೂ ತಿಳಿದಿರಲಿಕ್ಕಿಲ್ಲ. ನಾನು ಮುಗಿಸಿದ ಮೇಲೆ ಆ ಜಲ್ಲಿಯ ಕಡೆಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದಳು.

ಈಗ ಚಾಮರಾಜಪೇಟೆಯ ಅದೇ ಮನೆಯಲ್ಲಿದ್ದೇನೆ. ಇಲ್ಲಿ ನನಗೇನೂ ಕಾಣಿಸಿಲ್ಲ, ಕೇಳಿಸಿಲ್ಲ. ಅವತ್ತು ಆ ಮೂಲೆಯಲ್ಲಿ ನಿಂತವಳು ಯಾರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ನನ್ನ ಮಂಜುಳ ಅಲ್ಲವೆಂದೇ ಇಟ್ಟುಕೊಳ್ಳುತ್ತೇನೆ. ಹಾಗಾದರೆ ಕೋಟಿಲ್ಲದೆ, ಅಷ್ಟು ಚಳಿಯಲ್ಲಿ, ಎಣಿಸಿ ಎಣಿಸಿ ಬಂದ ಆ ಹೆಂಗಸು ಯಾರ ಮನೆ ಹುಡುಕುತ್ತಿದ್ದಳು? ಅವಳಿಗಾದರೂ ಸಿಕ್ಕಿತೇ?