ಬಾವಿಗೆ ಹಾರದ ಅಕ್ಕ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಕಂದಿಕೆರೆ ಕಡೆಯ ಒಂದು ಹೈಸ್ಕೂಲಿಗೆ ಕನ್ನಡ ಟೀಚರಾಗಿ ಹೋದೆ. ನೊಣವಿನಕೆರೆಯ ತೆಂಗಿನ ತೋಟದ ಮನೆಯಲ್ಲಿ ಹುಟ್ಟಿ ತಿಪಟೂರಿನಲ್ಲಿ ಓದಿದವಳಿಗೆ ಆ ಕಡೆಯ ಕಲ್ಲುಗುಡ್ಡ, ಕುರುಚಲು ಕಾಡು, ಕುರಿಗಾಹಿಗಳ ಹಟ್ಟಿ ಎಲ್ಲವೂ ಹೊಸದು. ನನಗಾಗ ಇಪ್ಪತ್ತಾರು ವರ್ಷ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ನನ್ನ ನಾಲ್ಕು ಪದ್ಯ ಅಚ್ಚಾಗಿದ್ದವು, ಒಂದಕ್ಕೆ ಬಹುಮಾನವೂ ಬಂದಿತ್ತು. ಹಾಗಾಗಿ ನಾನು ಲೇಖಕಿ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಉಳಿದವರಿಗೆ ಅದಿನ್ನೂ ತಿಳಿದಿರಲಿಲ್ಲ, ಅಷ್ಟೆ.

ಶಾಲೆಯ ಹಿಂದೆ ಒಂದು ಗುಡ್ಡವಿತ್ತು. ಅದರ ಇಳಿಜಾರಿನ ತುಂಬ ಬಿಳಿ ಕಲ್ಲುಗಳು ಚೆಲ್ಲಿಕೊಂಡಿದ್ದವು. ದೂರದಿಂದ ನೋಡಿದರೆ ಕುರಿಮಂದೆಯೊಂದು ತಲೆ ತಗ್ಗಿಸಿ ಮೇಯುತ್ತಿರುವಂತೆ ಕಾಣುತ್ತಿತ್ತು. ಅವು ನಿಜವಾಗಿಯೂ ಕುರಿಗಳೇ ಎಂದು ಮಕ್ಕಳು ಮೊದಲ ವಾರವೇ ನನಗೆ ಹೇಳಿಕೊಟ್ಟರು. ಬಹಳ ಹಿಂದೆ ಒಬ್ಬ ಪಾಳೇಗಾರ ಹಟ್ಟಿಯ ಒಬ್ಬ ಹೆಣ್ಣುಮಗಳನ್ನೂ ಅವಳ ಮಂದೆಯನ್ನೂ ಹಿಡಿದು ತರಲು ಆಳುಗಳನ್ನು ಕಳಿಸಿದನಂತೆ. ಅವಳು ಮಂದೆಯನ್ನು ಗುಡ್ಡ ಹತ್ತಿಸಿದಳಂತೆ. ಆಳುಗಳು ಇನ್ನೇನು ಕೈ ಹಾಕಬೇಕು ಅನ್ನುವಷ್ಟರಲ್ಲಿ ಇಡೀ ಮಂದೆ ಕಲ್ಲಾಗಿ ಕೂತಿತಂತೆ. ಆ ಹೆಣ್ಣುಮಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಬರೀ ‘ಅಕ್ಕ’.

ಆಮೇಲೆ ಅಕ್ಕ ಏನಾದಳು? ತಿಪಟೂರಿನ ಲೈಬ್ರರಿಯಲ್ಲಿ ಸಿಕ್ಕ ಹಳೆಯ ಸ್ಮರಣ ಸಂಚಿಕೆಯೊಂದರಲ್ಲಿ ಇದೇ ಕತೆ ಒಂದೂವರೆ ಪುಟದಲ್ಲಿತ್ತು. ಅದರ ಪ್ರಕಾರ ಅಕ್ಕ ಮಾನ ಉಳಿಸಿಕೊಳ್ಳಲು ಬಾವಿಗೆ ಹಾರಿ ಪ್ರಾಣ ಬಿಟ್ಟಳು. ಓದಿ ನನ್ನ ಕಣ್ಣು ತುಂಬಿ ಬಂತು. ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಅದನ್ನೇ ನಾಟಕ ಮಾಡಿದೆ. ಕೊನೆಗೆ ಬಾವಿಯ ಅಂಚಿನಲ್ಲಿ ಅಕ್ಕ ಆಡುವ ಮಾತು ಎರಡು ಪುಟ ತುಂಬಿತು.

ಅಕ್ಕನ ಪಾತ್ರಕ್ಕೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಆರಿಸಿದೆ. ಅವಳು ಗುಡ್ಡದಾಚೆಯ ಹಟ್ಟಿಯವಳು. ದನಿ ಗಟ್ಟಿ, ನಡಿಗೆ ನೆಟ್ಟಗೆ. ಅಭ್ಯಾಸದ ಎರಡನೇ ದಿನ ಅವಳು ಮೆಲ್ಲಗೆ ಹೇಳಿದಳು, “ಮಿಸ್, ಅಕ್ಕ ಬಾವಿಗೆ ಬೀಳಲ್ವಂತೆ. ನಮ್ಮಜ್ಜಿ ಹೇಳ್ತು.”

“ಪುಸ್ತಕದಲ್ಲಿ ಬೀಳ್ತಾಳೆ ಕಣೇ. ನೀನು ಬೀಳು,” ಎಂದೆ.

ತೆಂಗಿನ ಗರಿ ಹೆಣೆದು ಬಾವಿ ಮಾಡಿದೆವು. ಹುಡುಗಿ ಹಾರಿದರೆ ಪೆಟ್ಟಾಗದಿರಲೆಂದು ಒಳಗೆ ಹಾಸಿಗೆ ಹಾಕಿದೆವು. ವಾರ್ಷಿಕೋತ್ಸವ ಮಧ್ಯಾಹ್ನ ಮೂರಕ್ಕೆ ಶುರುವಾಯಿತು. ಮುಂದಿನ ಕುರ್ಚಿಗಳಲ್ಲಿ ಹೆಡ್ ಮಾಸ್ಟರು ಮತ್ತು ಊರಿನ ಹಿರಿಯರು ಕೂತಿದ್ದರು. ಶಾಮಿಯಾನದ ಹಿಂಬದಿಯಲ್ಲಿ ಹಟ್ಟಿಯ ಹೆಂಗಸರು ನೆಲದ ಮೇಲೆ ಕೂತಿದ್ದರು. ಮಂದೆ ಕಲ್ಲಾಗುವವರೆಗೂ ಎಲ್ಲವೂ ಸೊಗಸಾಗಿ ನಡೆಯಿತು. ಹುಡುಗಿ ನನ್ನ ಎರಡು ಪುಟದ ಮಾತನ್ನು ಒಂದು ಅಕ್ಷರ ತಪ್ಪದೆ ಒಪ್ಪಿಸಿ, ಕಣ್ಣು ಮುಚ್ಚಿ, ಬಾವಿಯ ಅಂಚಿಗೆ ಕಾಲಿಟ್ಟಳು.

ಆಗ ಹಿಂಬದಿಯಿಂದ ಒಂದು ದನಿ ಎದ್ದಿತು. “ನಿಲ್ಲು ಕೂಸೇ! ಅವಳು ಬೀಳ್ನಿಲ್ಲ ಕಣೇ!”

ಹುಡುಗಿಯ ಅಜ್ಜಿ ಎದ್ದು ನಿಂತಿದ್ದರು. ಹೆಡ್ ಮಾಸ್ಟರು ತಿರುಗಿ, “ಯಾರ್ರೀ ಅದು, ಕೂರ್ಸ್ರೀ ಅವರನ್ನ,” ಎಂದರು. ಅಜ್ಜಿ ಕೂರಲಿಲ್ಲ.

“ಅಲ್ಲ ಸ್ವಾಮಿ, ಅವಳು ಅಲ್ಲೇ ಸತ್ತೋಗಿದ್ರೆ ನಾವು ಎಲ್ಲಿಂದ ಬತ್ತಿದ್ವಿ?”

ಮುಂದಿನ ಕುರ್ಚಿಯ ಹಿರಿಯರೊಬ್ಬರು, “ಅದೂ ದಿಟವೇಯ,” ಎಂದದ್ದು ಪರದೆಯ ಹಿಂದಿದ್ದ ನನಗೂ ಕೇಳಿಸಿತು. ವೇದಿಕೆಯ ಮೇಲೆ ಹುಡುಗಿ ಕಣ್ಣು ಬಿಟ್ಟಳು. ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಕೈಸನ್ನೆಯಲ್ಲಿ ‘ಹಾರು, ಹಾರು’ ಎನ್ನುತ್ತಿದ್ದೆ. ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

ಅಜ್ಜಿ ನಿಂತಲ್ಲಿಂದಲೇ ಹಾಡಲು ಶುರುಮಾಡಿದರು. ಮೈಕಿಲ್ಲದ ಆ ದನಿ ಕೊನೆಯ ಸಾಲಿನಿಂದ ವೇದಿಕೆಯವರೆಗೂ ಸಲೀಸಾಗಿ ಬಂತು. ಅಕ್ಕ ಗುಡ್ಡ ಇಳಿದ ಭಾಗ ಅದು. ಹುಡುಗಿ ಕೈಯಲ್ಲಿದ್ದ ಕುರಿ ಕಾಯುವ ಕೋಲನ್ನು ಹೆಗಲಿಗೇರಿಸಿ ವೇದಿಕೆಯ ಮೆಟ್ಟಿಲಿಳಿದು, ಕುರ್ಚಿಗಳ ನಡುವೆ, ಕೂತ ಜನದ ನಡುವೆ ನಡೆದು ಅಜ್ಜಿಯ ಬಳಿ ಹೋಗಿ ನಿಂತಳು. ಹಟ್ಟಿಯ ಹೆಂಗಸರೆಲ್ಲ ಎದ್ದು ಕೈ ಮುಗಿದರು. ಅವರನ್ನು ನೋಡಿ ಹೆಡ್ ಮಾಸ್ಟರೂ ಎದ್ದರು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ನನಗೆ ಮುಖ ಎತ್ತಲಾಗಲಿಲ್ಲ. ವರ್ಗಾವಣೆಗೆ ಅರ್ಜಿ ಬರೆಯಲೂ ಕೂತೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಜಗಳ ಮಾಡಿಯೇ ಬರುತ್ತೇನೆಂದು ಹಟ್ಟಿಗೆ ಹೋದೆ. ಅಜ್ಜಿ ಜಗುಲಿಯಲ್ಲಿ ಕಾಲು ಚಾಚಿ ಕಂಬಳಿಗೆ ಉಣ್ಣೆ ನೂಲುತ್ತಿದ್ದರು.

“ಅಜ್ಜಿ, ಅಷ್ಟು ಜನರ ಮುಂದೆ ನನ್ನ ನಾಟಕ ಹಾಳು ಮಾಡಿದ್ರಲ್ಲ,” ಎಂದೆ.

“ನಾಟ್ಕ ನಿಂದೇ ಇರ್ಬೌದು ಟೀಚರಮ್ಮ. ಅಕ್ಕ ನಿನ್ನೋಳಲ್ವಲ್ಲ.”

“ಪುಸ್ತಕದಲ್ಲಿ ಹಾಗೇ ಇತ್ತು.”

“ಬರ್ದೋರು ಯಾರು, ಗಂಡಸೋ ಹೆಂಗಸೋ?”

“ಗಂಡಸರು.”

“ಅದ್ಕೇಯ. ಹೆಂಗಸನ್ನ ಎಲ್ಲಿ ಬುಡ್ಬೇಕು ಅಂತ ತಿಳೀದಿದ್ರೆ ಬಾವಿಗೆ ಹಾಕ್ಬುಡ್ತಾರೆ. ಕೂತ್ಕೊ, ಕಾಫಿ ಕುಡಿ.”

ಜಗಳ ಅಲ್ಲಿಗೆ ಮುಗಿಯಿತು. ಕಾಫಿ ಕುಡಿಯುತ್ತ ನಾನು ಉಳಿದ ಕತೆ ಕೇಳಿದೆ. ಕುರಿ ಎಲ್ಲಿ ಎಂದು ಆಳುಗಳು ಕೇಳಿದಾಗ ಅಕ್ಕ ಕಲ್ಲುಗಳನ್ನು ತೋರಿಸಿ, ಹೊರುವಷ್ಟು ಹೊತ್ತುಕೊಂಡು ಹೋಗಿ ಎಂದಳಂತೆ. ಅವರು ಒಂದನ್ನೂ ಅಲುಗಾಡಿಸಲಾಗದೆ ಬೆವರುತ್ತಿರುವಾಗ ಅವರ ನಡುವೆಯೇ ನಡೆದು ಗುಡ್ಡ ಇಳಿದಳಂತೆ. ಅವಳ ಕಂಬಳಿಯೊಳಗೆ ಕಲ್ಲಾಗದ ಒಂದು ಮರಿ ಇತ್ತು. ಹಟ್ಟಿಯ ಈಗಿನ ಮಂದೆಯೆಲ್ಲ ಆ ಮರಿಯ ಸಂತಾನ. ಇವತ್ತಿಗೂ ಹೊಸ ಸೊಸೆ ಮನೆಗೆ ಬಂದರೆ ಅವಳ ಮಡಿಲಿಗೆ ಒಂದು ಕುರಿಮರಿ ಕೊಟ್ಟು ಒಳಗೆ ಕರೆಯುತ್ತಾರೆ.

ಮುಂದಿನ ಒಂದೂವರೆ ವರ್ಷ ಶನಿವಾರಗಳೆಲ್ಲ ಹಟ್ಟಿಯಲ್ಲೇ ಕಳೆದವು. ಅಜ್ಜಿ ಹಾಡುತ್ತಿದ್ದರು, ನಾನು ಬರೆಯುತ್ತಿದ್ದೆ. ನಡುವೆ ತಡೆದು ಕೇಳಿದರೆ ಅವರು ಮತ್ತೆ ಮೊದಲಿಂದ ಶುರುಮಾಡಬೇಕಿತ್ತು. ಒಂದು ವಾರ ಹಾಡಿದಂತೆ ಇನ್ನೊಂದು ವಾರ ಹಾಡುತ್ತಿರಲಿಲ್ಲ. ಯಾವುದು ಸರಿ ಎಂದು ಒಮ್ಮೆ ಬೇಸತ್ತು ಕೇಳಿದೆ. “ದಿನಾ ಮುದ್ದೆ ತಿರುವ್ತೀನಿ. ನಿನ್ನೆ ಇದ್ದಂಗೇ ಇವತ್ತು ಇರ್ತದಾ? ಅಂಗಂತ ಅದು ಮುದ್ದೆ ಅಲ್ವಾ?” ಎಂದರು. ಅವತ್ತಿನಿಂದ ನಾನು ಎರಡನ್ನೂ ಬರೆದುಕೊಳ್ಳತೊಡಗಿದೆ.

ನನ್ನ ಬರವಣಿಗೆ ಬದಲಾದದ್ದು ಅಲ್ಲೇ. ಹಳೆಯ ಪದ್ಯಗಳನ್ನು ತೆಗೆದು ನೋಡಿದರೆ ಅವುಗಳಲ್ಲಿ ಮೂವರು ಹೆಂಗಸರು ಸುಮ್ಮಸುಮ್ಮನೆ ಸತ್ತಿದ್ದರು. ನಾಚಿಕೆಯಾಯಿತು. ಹುಳಿಯಾರಿನ ಬಸ್ಸಿನಲ್ಲಿ ಕುರಿಮರಿಯನ್ನು ಮಡಿಲಲ್ಲಿಟ್ಟುಕೊಂಡು ಒಬ್ಬಳೇ ತವರಿಗೆ ಹೊರಟ ಹೆಂಗಸಿನ ಕತೆ ಬರೆದೆ. ಅದು ವಾರಪತ್ರಿಕೆಯೊಂದರಲ್ಲಿ ಬಂತು. ನಾನು ಲೇಖಕಿ ಎಂಬ ನಂಬಿಕೆಗೆ ಆಗ ಮೊದಲ ಸಲ ಒಂದು ಆಧಾರ ಸಿಕ್ಕಿತು.

ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾದ ಬೇಸಗೆಯಲ್ಲೇ ಮನೆಯವರು ಗಂಡು ಗೊತ್ತು ಮಾಡಿದರು. ಅವಳು ಅಪ್ಪನೆದುರು ನಿಂತು, “ಓದು ಮುಗೀಲಿ ಅಪ್ಪ. ಈಗ ನಾನು ಬಾವಿಗೆ ಬೀಳಲ್ಲ,” ಎಂದಳಂತೆ. ಬೇರೆ ಊರಿನಲ್ಲಾಗಿದ್ದರೆ ಅದು ಎದುರುತ್ತರವಾಗುತ್ತಿತ್ತು. ಆ ಹಟ್ಟಿಯಲ್ಲಿ ಅದು ಅಕ್ಕನ ಮಾತು. ಅಜ್ಜಿ ನೂಲು ಬಿಟ್ಟು ತಲೆಯೆತ್ತಿ ಮಗನನ್ನು ನೋಡಿದರಂತೆ, ಅಷ್ಟೇ. ಹುಡುಗಿ ಚಿಕ್ಕನಾಯಕನಹಳ್ಳಿಯಲ್ಲಿ ಪಿಯುಸಿ ಓದಿ, ನರ್ಸಿಂಗ್ ಮುಗಿಸಿ ಕೆಲಸಕ್ಕೆ ಸೇರಿದಳು. ಮೊಮ್ಮಗಳ ಬಿಳಿ ಸಮವಸ್ತ್ರ ನೋಡಿದ ಮರುವರ್ಷ ಅಜ್ಜಿ ತೀರಿಕೊಂಡರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹುಳಿಯಾರಿನ ಹತ್ತಿರದ ಇನ್ನೊಂದು ಹಟ್ಟಿಯಲ್ಲಿ ಒಬ್ಬ ನಡುವಯಸ್ಸಿನ ಹೆಂಗಸು ಅಕ್ಕನ ಕತೆ ಹಾಡುವುದನ್ನು ಕೇಳಿದೆ. ಅವಳ ಹಾಡಿನಲ್ಲಿ ಅಕ್ಕ ಗುಡ್ಡ ಇಳಿಯುವ ಮೊದಲು ಒಂದು ಬಾವಿಯ ಬಳಿ ಬರುತ್ತಾಳೆ, ಬಗ್ಗಿ ತನ್ನ ಮುಖ ನೋಡಿಕೊಳ್ಳುತ್ತಾಳೆ, ಕೆದರಿದ ತಲೆ ಸರಿಮಾಡಿಕೊಂಡು ಮುಂದೆ ಹೋಗುತ್ತಾಳೆ. ಅಜ್ಜಿಯ ಹಾಡಿನಲ್ಲಿ ಬಾವಿಯೇ ಇರಲಿಲ್ಲ. ನನ್ನ ನಾಟಕ ನೋಡಿದ ಯಾರೋ ಅದನ್ನು ಇಲ್ಲಿಯವರೆಗೆ ತಂದಿರಬೇಕು.

“ಈ ಬಾವಿ ಎಲ್ಲಿಂದ ಬಂತಮ್ಮ?” ಎಂದು ಕೇಳಿದೆ.

“ಮೊದ್ಲಿಂದ್ಲೂ ಅದೆ ಕಣ್ರೀ,” ಎಂದಳು, ಚೂರೂ ಅನುಮಾನವಿಲ್ಲದೆ.

ನಾನು ತಿದ್ದಲು ಹೋಗಲಿಲ್ಲ. ನೋಟ್‌ಬುಕ್ ತೆಗೆದು ಅದನ್ನೂ ಬರೆದುಕೊಂಡೆ.

ಆಮೇಲೆ ನಾನು ಸಂಗ್ರಹವನ್ನು ಪುಸ್ತಕ ಮಾಡಿದಾಗ ಅಜ್ಜಿ ಹಾಡಿದ ಎರಡು, ಹುಳಿಯಾರಿನ ಕಡೆಯ ಒಂದು, ಹೀಗೆ ಮೂರು ಪಾಠಗಳನ್ನೂ ಒಂದರ ಪಕ್ಕ ಒಂದು ಅಚ್ಚು ಹಾಕಿಸಿದೆ. ಸರಿಯಾದ ಒಂದನ್ನು ಆರಿಸಿಕೊಡಬೇಕಿತ್ತು ಎಂದು ವಿದ್ವಾಂಸರೊಬ್ಬರು ಪತ್ರ ಬರೆದರು. ಮೂರೂ ಸರಿ, ಬೇಕಾದರೆ ಹಟ್ಟಿಗೆ ಬಂದು ಕೇಳಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಉತ್ತರ ಹಾಕಿದೆ.