ಸೀನಿದ ಹಕ್ಕಿ

ನನ್ನ ಷಡ್ಡಕ ಹಕ್ಕಿ ಹುಡುಕುವ ಸರ್ವೆಯವನು. ನಮ್ಮ ಮಕ್ಕಳಿಗೆ ಹಕ್ಕಿ ಚಿಕ್ಕಪ್ಪ. ಅವನು ಹುಡುಕುತ್ತಿದ್ದುದು ಲೋಕದಲ್ಲಿ ಇನ್ನೂ ಉಳಿದಿದೆಯೋ ಇಲ್ಲವೋ ಎಂಬಂಥ ಒಂದು ನೆಲಹಕ್ಕಿ. ಸುಲಭಕ್ಕೆ ಕಣ್ಣಿಗೆ ಬೀಳುವ ಜಾತಿಯಲ್ಲ. ನಸುಕಿಗೇ ಹುಲ್ಲುಗಾವಲಿನಲ್ಲಿ ನಿಂತು ಅದರ ಕೂಗಿನ ರೆಕಾರ್ಡನ್ನು ಸ್ಪೀಕರಿನಲ್ಲಿ ಹಾಕುವುದು, ಮರುಕೂಗಿಗೆ ಕಿವಿಗೊಟ್ಟು ಕಾಯುವುದು, ಇಷ್ಟೇ ಕೆಲಸ. ವರ್ಷಗಟ್ಟಲೆ ಕಾದ. ಬಂದದ್ದು ಮಂಡಿನೋವು.

ಆ ರೆಕಾರ್ಡೂ ಅವನದೇ. ಪ್ರಾಯದಲ್ಲಿ ಒಮ್ಮೆ ಹಕ್ಕಿ ನಿಜವಾಗಿ ಕೂಗಿದಾಗ ಹಿಡಿದದ್ದು. ಕೂಗು ಮುಗಿಯುವಷ್ಟರಲ್ಲಿ ಹುಲ್ಲಿನ ಧೂಳು ಮೂಗಿಗೆ ಹೋಗಿ ಸೀನಿಬಿಟ್ಟಿದ್ದ. ಸೀನು ಕತ್ತರಿಸಿದರೆ ಕೂಗಿನ ಬಾಲವೂ ಹೋಗುತ್ತಿತ್ತು, ಹಾಗೇ ಬಿಟ್ಟರು.

ಈ ಸಲವೂ ಹಕ್ಕಿ ಸಿಗದಿದ್ದರೆ ಹುಲ್ಲುಗಾವಲು ಗೋದಾಮುಗಳ ಪಾಲು ಎಂದು ಮೇಲಿನವರು ಖಡಾಖಂಡಿತ ಹೇಳಿದ್ದರು. ಸರ್ವೆಯ ಕೊನೆಯ ಬೆಳಗ್ಗೆ ದಿಬ್ಬದಾಚೆಯಿಂದ ಮರುಕೂಗು ಬಂದೇಬಂತು! ಜೊತೆಯವರು ಕುಣಿದಾಡಿದರು. ಇವನು ಮಾತ್ರ ಮರಗಟ್ಟಿ ನಿಂತ. ಕೂಗಿನ ಬೆನ್ನಿಗೇ ಒಂದು ಸೀನು ಬಂದಿತ್ತು.

ದಿಬ್ಬದಾಚೆ ಇದ್ದವರು ಇವನ ಆಫೀಸಿನ ಸಾಹೇಬರು. ಸರ್ವೆ ಹೇಗೆ ನಡೆಯುತ್ತದೆಂದು ಪೇಪರಿನವರಿಗೆ ತೋರಿಸಲು ಅದೇ ರೆಕಾರ್ಡನ್ನು ಹಾಕಿಸಿದ್ದರು. ಇವನ ಸ್ಪೀಕರು ಅವರಿಗೂ ಕೇಳಿಸಿತ್ತು. ಅವರೂ ಕುಣಿದಿದ್ದರು.

"ಸಾರ್, ಅದು ಹಕ್ಕಿಯಲ್ಲ. ನನ್ನ ಸೀನು" ಎಂದ, ಆಫೀಸಿಗೆ ಹೋಗಿ.

"ಹಕ್ಕಿಗೆ ನೆಗಡಿ ಆಗಬಾರದೇನ್ರೀ?" ಸಾಹೇಬರು ಕನ್ನಡಕ ಒರೆಸಿಕೊಂಡರು. "ಎರಡೂ ಕಡೆಯವರು ಕೇಳಿದ್ದೀವಿ. ಇನ್ನೇನು, ಅದೇ ಬಂದು ಸಹಿ ಹಾಕಬೇಕಾ?"

ಮನೆಯಲ್ಲಿ ನನ್ನ ನಾದಿನಿ ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದಳು.

"ಪೇಪರಿನವರಿಗೆ ನಿಜ ಹೇಳಿಬಿಡ್ತೀನಿ ಕಣೇ."

"ಹೇಳಿ. ನಾಳೆ ಬುಲ್‌ಡೋಜರ್ ಬರುತ್ತೆ. ಅದಕ್ಕೂ ನೀವೇ ದಾರಿ ತೋರಿಸಿ."

ಅವನು ಬಾಯಿಗೆ ಬೀಗ ಹಾಕಿಕೊಂಡ. ಹುಲ್ಲುಗಾವಲು ಉಳಿಯಿತು.

ಉಳಿಯಿತು ಎಂದರೆ, ಸಾಹೇಬರು ಅಲ್ಲೊಂದು ವೀಕ್ಷಣಾ ಗೋಪುರ ಕಟ್ಟಿಸಿ ತಮ್ಮ ಹೆಸರಿನ ಕಲ್ಲು ನೆಡಿಸಿದರು. ಬಂದವರ ಮೊಬೈಲಿಗೆಲ್ಲ ಆ ಕೂಗನ್ನು ಹಾಕಿಕೊಡುವ ಏರ್ಪಾಡೂ ಆಯಿತು. ಸಿಕ್ಕಿದ್ದನ್ನು ಮತ್ತೆ ಹುಡುಕುವುದೇಕೆಂದು ಸರ್ವೆ ನಿಲ್ಲಿಸಿದರು. ಹಕ್ಕಿ ಚಿಕ್ಕಪ್ಪನನ್ನು ಗೇಟಿನಲ್ಲಿ ಟಿಕೆಟ್ ಹರಿಯಲು ಕೂರಿಸಿದರು.

ಮೊನ್ನೆ ನೋಡಿಬರಲು ಹೋಗಿದ್ದೆ. ಹುಲ್ಲನ್ನು ತುಳಿದು ತುಳಿದು ನೆಲ ಬೋಳಾಗಿದೆ. ಆ ಮೂಲೆಯಿಂದ ಕೂಗು, ಸೀನು; ಈ ಮೂಲೆಯಿಂದ ಕೂಗು, ಸೀನು.

"ಈ ಗದ್ದಲದಲ್ಲಿ ನಿಜವಾದ ಹಕ್ಕಿ ಕೂಗಿದರೆ ನಿನಗೆ ಗೊತ್ತಾಗುತ್ತೇನೋ?" ಎಂದೆ.

"ಗೊತ್ತಾಗುತ್ತೆ ಭಾವ. ಅದು ಸೀನೋದಿಲ್ಲ."

ಅಷ್ಟರಲ್ಲಿ ಧೂಳೆದ್ದು ಅವನೇ ಸೀನಿದ. ಗೋಪುರದ ಮೇಲಿದ್ದವರೆಲ್ಲ ಕ್ಯಾಮೆರಾ ಎತ್ತಿಕೊಂಡು ಗೇಟಿನತ್ತ ತಿರುಗಿದರು.